ನಿರಂಕುಶ ರಾಜನಿಗೆ ಸಾಲ ಕೊಡುವವರು ಯಾರು?

ಓದುಗರ ಪತ್ರ: "ಕಳೆದ ಸಂಚಿಕೆಯ ಫ್ರೆಂಚ್ ಕ್ರಾಂತಿಯ ಲೇಖನದಲ್ಲಿ 14ನೇ ಲೂಯಿ 'ನಾನೇ ರಾಜ್ಯ' ಎಂದಿದ್ದ ಅಂತ ಬರೆದಿದ್ದೀರಿ. ಅದೇ ಲೇಖನದ ಮುಂದಿನ ಪುಟದಲ್ಲಿ 16ನೇ ಲೂಯಿ ಕಾಸಿಲ್ಲದೆ ಎಸ್ಟೇಟ್ಸ್ ಜನರಲ್ (ಪಾದ್ರಿ, ಕುಲೀನ, ಜನಸಾಮಾನ್ಯ ಎಂಬ ಮೂರು ವರ್ಗಗಳ ಪ್ರತಿನಿಧಿಗಳ) ಸಭೆ ಕರೆದ ಎಂದಿದೆ. ನಿರಂಕುಶ ರಾಜನಾದವನು ತೆರಿಗೆ ಹಾಕಿ ವಸೂಲು ಮಾಡಿದ್ದರೆ ಆಗುತ್ತಿತ್ತಲ್ಲ? ತಡೆಯುವವರು ಯಾರಿದ್ದರು? ಇನ್ನೊಂದು ಪ್ರಶ್ನೆ: ಅದೇ ಸುಮಾರಿಗೆ ಹೋಗಿದ್ದ ಟಿಪ್ಪು ಸುಲ್ತಾನರ ರಾಯಭಾರಿಗಳನ್ನು ಆತ ಸೈನ್ಯ ಕೊಡದೆ ಕಳಿಸಿದ್ದೇಕೆ?"

ಸಂಪಾದಕರ ಉತ್ತರ:

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇವೆ. 'ನಾನೇ ರಾಜ್ಯ' ಎಂಬ ಮಾತನ್ನು 14ನೇ ಲೂಯಿ ಆಡಿದ್ದಕ್ಕೆ ಆಧಾರವಿಲ್ಲ. 1655ರ ಏಪ್ರಿಲ್‌ನಲ್ಲಿ, 16ರ ಹರೆಯದಲ್ಲಿ, ಪ್ಯಾರಿಸ್‌ನ ನ್ಯಾಯಾಧೀಶರೆದುರು ಹಾಗೆ ಗುಡುಗಿದ ಎಂಬುದು ಕಥೆ. ಆ ದಿನದ ದಾಖಲೆಗಳಲ್ಲಿ ಅದು ಇಲ್ಲ. 1715ರಲ್ಲಿ ಸಾಯುವ ಮುನ್ನ ಆತ ಆಡಿದನೆಂದು ಆಸ್ಥಾನಿಕರು ಬರೆದಿಟ್ಟ ಮಾತು ಇದಕ್ಕೆ ತದ್ವಿರುದ್ಧ: ನಾನು ಹೊರಟೆ, ರಾಜ್ಯ ಉಳಿಯುತ್ತದೆ.

ನಿಮ್ಮ ಗೊಂದಲಕ್ಕೆ ಅರ್ಧ ಕಾರಣ ನಮ್ಮ ಕನ್ನಡ ಪದವೇ. 'ನಿರಂಕುಶ' ಅಂದರೆ ಅಂಕುಶವಿಲ್ಲದ್ದು, ಮದವೇರಿದ ಆನೆ ಕಣ್ಣ ಮುಂದೆ ಬರುತ್ತದೆ. ಮೂಲದ ಲ್ಯಾಟಿನ್ ಪದಕ್ಕೆ 'ಕಾನೂನಿನ ಕಟ್ಟಿನಿಂದ ಬಿಡಿಸಲ್ಪಟ್ಟವನು' ಎಂದಷ್ಟೇ ಅರ್ಥ. ಕಾನೂನು ಮಾಡುವವನು ರಾಜ, ಅವನ ಮೇಲೆ ಇನ್ನೊಬ್ಬ ನ್ಯಾಯಾಧೀಶನಿಲ್ಲ. ಈ ವಾದವನ್ನು 16ನೇ ಶತಮಾನದಲ್ಲಿ ಕಟ್ಟಿಕೊಟ್ಟ ಫ್ರೆಂಚ್ ಚಿಂತಕ ಝಾಂ ಬೋದಾಂ ಕೂಡ ದೇವರ ಕಟ್ಟಳೆಗೆ ಮತ್ತು ಪ್ರಜೆಯ ಆಸ್ತಿಯ ಹಕ್ಕಿಗೆ ರಾಜ ತಲೆಬಾಗಲೇಬೇಕೆಂದ. ಅದರ ಜೊತೆಗೆ ಫ್ರಾನ್ಸಿನಲ್ಲಿ ಮೂಲಕಟ್ಟಳೆಗಳಿದ್ದವು: ಪಟ್ಟ ಗಂಡುಸಂತಾನದ ಸಾಲಿನಲ್ಲೇ ಹೋಗಬೇಕು, ರಾಜಭೂಮಿಯನ್ನು ಪರಭಾರೆ ಮಾಡುವಂತಿಲ್ಲ. 14ನೇ ಲೂಯಿ ತನ್ನ ಅನೌರಸ ಪುತ್ರರನ್ನೂ ಪಟ್ಟದ ಸಾಲಿಗೆ ಸೇರಿಸಿ 1714ರಲ್ಲಿ ಶಾಸನ ಹೊರಡಿಸಿದ. ಅವನು ಸತ್ತ ಮರುದಿನವೇ ಪ್ಯಾರಿಸ್ ನ್ಯಾಯಾಲಯ ಅವನ ಉಯಿಲಿನ ಮುಖ್ಯ ಷರತ್ತುಗಳನ್ನು ತಳ್ಳಿಹಾಕಿತು. 1717ರಲ್ಲಿ ಆ ಶಾಸನವೂ ರದ್ದಾಯಿತು. ಕಿರೀಟ ರಾಜನ ಸ್ವಂತ ಸೊತ್ತಲ್ಲ, ಅದನ್ನು ಯಾರಿಗೋ ಕೊಡುವ ಹಕ್ಕು ಅವನಿಗಿಲ್ಲ ಎಂಬುದೇ ಕಾರಣ.

ಈಗ ತೆರಿಗೆಗೆ ಬರೋಣ. ತಡೆಯುವವರಿದ್ದರು. ಹೆಸರು ಪಾರ್ಲಮಾಂ. ಇದನ್ನು ಇಂಗ್ಲೆಂಡಿನ ಪಾರ್ಲಿಮೆಂಟ್ ಎಂದುಕೊಂಡರೆ ಎಲ್ಲವೂ ಕಲಸಿಹೋಗುತ್ತದೆ. ಇದು ಚುನಾಯಿತ ಸಭೆಯಲ್ಲ, ಮೇಲ್ಮಟ್ಟದ ನ್ಯಾಯಾಲಯ. ಕ್ರಾಂತಿಯ ಹೊತ್ತಿಗೆ ದೇಶದಲ್ಲಿ ಇಂಥವು 13 ಇದ್ದವು, ಪ್ಯಾರಿಸ್‌ನದು ದೊಡ್ಡದು. ರಾಜ ಹೊರಡಿಸಿದ ಶಾಸನ ಹಸಿರು ಅರಗಿನ ಮುದ್ರೆ ಹೊತ್ತು ಇವರ ಬಳಿಗೆ ಬರಬೇಕು. ಇವರು ಓದಿ ತಮ್ಮ ದಫ್ತರಕ್ಕೆ ಏರಿಸಿದ ಮೇಲೆಯೇ ಕೆಳ ನ್ಯಾಯಾಲಯಗಳಿಗೆ ಅದು ಕಾನೂನು. ಒಪ್ಪಿಗೆಯಾಗದಿದ್ದರೆ ರಾಜನಿಗೆ ಆಕ್ಷೇಪ ಪತ್ರ ಬರೆಯಬಹುದು. ರಾಜ 'ಸುಮ್ಮನೆ ದಾಖಲಿಸಿ' ಎಂದು ಆಜ್ಞಾಪತ್ರ ಕಳಿಸುತ್ತಾನೆ, ಅವರು ಮತ್ತೆ ಆಕ್ಷೇಪ ಬರೆಯುತ್ತಾರೆ. ಹೀಗೆ ತಿಂಗಳುಗಟ್ಟಲೆ ಎಳೆದಾಡಬಹುದಿತ್ತು.

ಕೊನೆಯ ಅಸ್ತ್ರಕ್ಕೆ 'ನ್ಯಾಯದ ಹಾಸಿಗೆ' ಎಂಬ ವಿಚಿತ್ರ ಹೆಸರು. ರಾಜ ಖುದ್ದಾಗಿ ಬಂದು, ಸಭಾಂಗಣದ ಮೂಲೆಯಲ್ಲಿ ಮೇಲ್ಕಟ್ಟಿನ ಕೆಳಗೆ ಐದು ದಿಂಬುಗಳ ಆಸನದಲ್ಲಿ ಕೂರುತ್ತಾನೆ. ಒಂದು ಕೂರಲು, ಒಂದು ಬೆನ್ನಿಗೆ, ಎರಡು ತೋಳಿಗೆ, ಒಂದು ಕಾಲಿಗೆ. ಚಾನ್ಸಲರ್ (ರಾಜನ ನ್ಯಾಯಮಂತ್ರಿ) ಸಾಲುಸಾಲಾಗಿ ಸದಸ್ಯರ ಬಳಿ ಹೋಗಿ ಪಿಸುದನಿಯಲ್ಲಿ ಅಭಿಪ್ರಾಯ ಕೇಳಿದಂತೆ ಮಾಡುತ್ತಾನೆ, ಎಣಿಸುವುದಿಲ್ಲ. ನ್ಯಾಯಾಧೀಶರ ಅಧಿಕಾರ ರಾಜನೇ ಕೊಟ್ಟದ್ದು, ಆತನೇ ಎದುರಿಗೆ ಬಂದಾಗ ಅದು ಅವನಿಗೆ ಮರಳುತ್ತದೆ ಎಂಬುದು ತರ್ಕ. ಶಾಸನ ದಾಖಲಾಯಿತು, ರಾಜ ಎದ್ದು ಹೋದ. ಮರುದಿನ ನ್ಯಾಯಾಧೀಶರು ಸೇರಿ 'ನಿನ್ನೆ ನಡೆದದ್ದು ಅಸಿಂಧು' ಎಂದರೆ?

ಕೆಲಸದಿಂದ ಕಿತ್ತುಹಾಕಬಹುದಿತ್ತಲ್ಲ ಎನ್ನುತ್ತೀರಿ. ಇಲ್ಲ, ಆ ಹುದ್ದೆಗಳನ್ನು ರಾಜರೇ ಮಾರಿದ್ದರು. 1604ರ ಏರ್ಪಾಡಿನಂತೆ ಹುದ್ದೆಯ ಬೆಲೆಯ 60ನೇ ಒಂದು ಭಾಗವನ್ನು ವರ್ಷವರ್ಷ ಕಟ್ಟುತ್ತ ಹೋದರೆ ಹುದ್ದೆ ಮಗನಿಗೂ ಬರುತ್ತದೆ, ಬೇರೆಯವರಿಗೆ ಮಾರಲೂಬಹುದು. ಅಂದರೆ ಅದು ಮನೆ, ಹೊಲದಂತೆ ಆಸ್ತಿ. ವಾಪಸ್ ಬೇಕಾದರೆ ದುಡ್ಡು ಹಿಂತಿರುಗಿಸಬೇಕು. ದುಡ್ಡಿಲ್ಲದೆ ತಾನೇ ಮಾರಿದ್ದು!

14ನೇ ಲೂಯಿ ಇದಕ್ಕೊಂದು ದಾರಿ ಕಂಡುಕೊಂಡಿದ್ದ. 1673ರಲ್ಲಿ 'ಮೊದಲು ದಾಖಲಿಸಿ, ಆಮೇಲೆ ಆಕ್ಷೇಪಿಸಿ' ಎಂದು ಕಟ್ಟುಮಾಡಿದ. ಪ್ರಾಂತ್ಯಗಳ ಆಡಳಿತಕ್ಕೆ ಹುದ್ದೆ ಕೊಳ್ಳದ, ಯಾವಾಗ ಬೇಕಾದರೂ ವಾಪಸ್ ಕರೆಸಬಹುದಾದ ಇಂಟೆಂಡೆಂಟ್‌ಗಳನ್ನು ನೆಚ್ಚಿಕೊಂಡ. ಇವರ ಸಂಖ್ಯೆ ಇಡೀ ದೇಶಕ್ಕೆ 30ರ ಆಸುಪಾಸು. ಹಾಗಾಗಿ ಸ್ಥಳೀಯ ಗಣ್ಯರೊಂದಿಗೆ ಹೊಂದಿಕೊಂಡೇ ಕೆಲಸ ತೆಗೆಯಬೇಕಿತ್ತು. ಲೂಯಿಯ ಯಶಸ್ಸಿನ ಗುಟ್ಟು ದರ್ಪಕ್ಕಿಂತ ಈ ಕೊಡುಕೊಳ್ಳುವಿಕೆಯಲ್ಲಿತ್ತು ಎಂಬುದು ನಮ್ಮ ಅಭಿಪ್ರಾಯ. ಆದರೆ 1715ರಲ್ಲಿ, ಬಾಲರಾಜನ ಪರವಾಗಿ ಆಳಲು ಬಂದ ರೀಜೆಂಟ್ ಆರ್ಲಿಯನ್ಸ್ ಡ್ಯೂಕ್, ಉಯಿಲು ತಿದ್ದಿಕೊಟ್ಟ ಉಪಕಾರಕ್ಕೆ ಪ್ರತಿಯಾಗಿ, ಮೊದಲೇ ಆಕ್ಷೇಪಿಸುವ ಹಕ್ಕನ್ನು ಪಾರ್ಲಮಾಂಗೆ ಮರಳಿಸಿಬಿಟ್ಟ.

ಇನ್ನು ಪ್ರಾಂತ್ಯಗಳು. ಬ್ರಿಟನಿ 1532ರಲ್ಲಿ ಫ್ರಾನ್ಸಿಗೆ ಸೇರಿದಾಗ ತನ್ನ ಸಭೆಯ ಒಪ್ಪಿಗೆಯಿಲ್ಲದೆ ಹೊಸ ತೆರಿಗೆ ಬೇಡವೆಂದು ಬರೆಸಿಕೊಂಡಿತ್ತು. ಅಲ್ಲಿ ಉಪ್ಪಿನ ತೆರಿಗೆ ಇರಲಿಲ್ಲ. ಗಡಿಯಾಚೆ ಮೇನ್, ಆಂಜು ಸೀಮೆಗಳಲ್ಲಿ ಉಪ್ಪಿನ ಬೆಲೆ 20 ಪಟ್ಟಿಗೂ ಮೇಲೆ, ಸಾಲದ್ದಕ್ಕೆ ಮನೆಮಂದಿಯ ಲೆಕ್ಕದಲ್ಲಿ ಇಂತಿಷ್ಟು ಕೊಳ್ಳಲೇಬೇಕು. ಹಾಗೆ ಕೊಂಡ ಉಪ್ಪು ಅಡುಗೆಗೆ ಮಾತ್ರ. ಅದನ್ನೇ ಹಂದಿಮಾಂಸಕ್ಕೆ ಸವರಿ ಕೆಡದಂತೆ ಇಟ್ಟರೆ ದಂಡ. ಜನ ನಾಯಿಗಳ ಮೈಗೆ ಉಪ್ಪಿನ ಪೊಟ್ಟಣ ಕಟ್ಟಿ ಗಡಿ ದಾಟಿಸುತ್ತಿದ್ದರು. ಒಬ್ಬನೇ ರಾಜನ ನಾಡಿನಲ್ಲಿ ಉಪ್ಪಿಗೂ ಒಂದು ದರವಿರಲಿಲ್ಲ.

ಇಷ್ಟೆಲ್ಲ ಇದ್ದರೂ ರಾಜನಿಗೆ ದಾರಿ ತೀರಾ ಮುಚ್ಚಿರಲಿಲ್ಲ. ಶ್ರೀಮಂತರನ್ನೂ ಬಿಡದ ತೆರಿಗೆಗಳು 1695, 1710, 1749ರಲ್ಲಿ ಬಂದಿದ್ದವು. ವಿನಾಯಿತಿ, ಕಡಿತ, ಸುಳ್ಳು ಲೆಕ್ಕಗಳಿಂದ ಸೊರಗಿದವು ಅಷ್ಟೆ. 1771ರಲ್ಲಿ ಚಾನ್ಸಲರ್ ಮೋಪು ಪ್ಯಾರಿಸ್ ಪಾರ್ಲಮಾಂ ಸದಸ್ಯರನ್ನು ಗಡಿಪಾರು ಮಾಡಿ ಹೊಸ ನ್ಯಾಯಾಲಯವನ್ನೇ ಕೂರಿಸಿದ. 16ನೇ ಲೂಯಿ ಪಟ್ಟಕ್ಕೆ ಬಂದ ವರ್ಷವೇ, 1774ರಲ್ಲಿ, ಜನ ಮೆಚ್ಚಲೆಂದು ಹಳಬರನ್ನು ಕರೆತಂದ. ಆತನ ಆಳ್ವಿಕೆಯ ದುಬಾರಿ ತಪ್ಪುಗಳಲ್ಲಿ ನಾವು ಇದನ್ನು ಮೊದಲಿಗೆ ಎಣಿಸುತ್ತೇವೆ.

ನಿಜವಾದ ಹಗ್ಗ ಬಿಗಿದದ್ದು ಸಾಲ. ಫ್ರಾನ್ಸಿನ ರಾಜರು ಬಡ್ಡಿ ಕಡಿತ, ಕಂತು ತಪ್ಪಿಸುವುದು ಮುಂತಾಗಿ ಮಾತಿಗೆ ತಪ್ಪುವುದನ್ನು ರೂಢಿ ಮಾಡಿಕೊಂಡಿದ್ದರು. 1770ರಲ್ಲೂ ಅದೇ ಆಗಿತ್ತು. ಬ್ರಿಟನ್ನಿನ ಸಾಲವೇನೂ ಸಣ್ಣದಲ್ಲ, ಆದರೆ ಅದಕ್ಕೆ ಪಾರ್ಲಿಮೆಂಟಿನ ಜಾಮೀನಿತ್ತು, ಬಡ್ಡಿ ಕಡಿಮೆ. ತನ್ನ ಮಾತನ್ನು ತಾನೇ ಮುರಿಯಬಲ್ಲವನಿಗೆ, ನ್ಯಾಯಾಲಯಕ್ಕೆ ಎಳೆಯಲಾಗದವನಿಗೆ, ಯಾವ ಸಾಹುಕಾರ ಕಡಿಮೆ ಬಡ್ಡಿಗೆ ಕೊಡುತ್ತಾನೆ? ಆತನ ಅಧಿಕಾರವೇ ಆತನ ಬಡ್ಡಿ ಏರಿಸಿತು.

ಒಂದು ಉದಾಹರಣೆ ನೋಡಿ. 1770-80ರ ದಶಕಗಳಲ್ಲಿ ಸರ್ಕಾರ ಜೀವಾವಧಿ ವರ್ಷಾಸನದ ಪತ್ರಗಳನ್ನು ಮಾರಿತು: ಈಗ ಗಂಟು ಕೊಡಿ, ನೀವು ಹೆಸರಿಸಿದ ವ್ಯಕ್ತಿ ಬದುಕಿರುವವರೆಗೆ ವರ್ಷಕ್ಕೆ ಶೇ 10ರವರೆಗೆ ಕೊಡುತ್ತೇವೆ. ವ್ಯಕ್ತಿಯ ವಯಸ್ಸು ಎಷ್ಟಿದ್ದರೂ ಅದೇ ದರ! ಜಿನೀವಾದ ಬ್ಯಾಂಕರುಗಳು ಒಳ್ಳೆಯ ಮನೆತನದ, ಸಿಡುಬು ಬಂದು ಗುಣವಾದ, ಗಟ್ಟಿಮುಟ್ಟಾದ 30 ಹುಡುಗಿಯರನ್ನು ಆರಿಸಿ ಅವರ ಹೆಸರಲ್ಲಿ ಪತ್ರ ಕೊಂಡು, ಅಪಾಯವನ್ನು 30 ಜೀವಗಳ ಮೇಲೆ ಹಂಚಿ, ಪಾಲುಗಳನ್ನು ಮಾರಿದರು. 60 ವರ್ಷದವನಿಗೆ ಕೊಡಬಹುದಾದ ದರವನ್ನು ಖಜಾನೆ ಮಕ್ಕಳಿಗೆ ಕೊಡುತ್ತಿತ್ತು.

ಬ್ರಿಟನ್ ವಿರುದ್ಧದ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಶತಕೋಟಿ ಲಿವ್ರ್‌ಗೂ (ಆಗಿನ ಫ್ರೆಂಚ್ ನಾಣ್ಯ) ಹೆಚ್ಚು ಹೋಯಿತು, ಬಹುಪಾಲು ಸಾಲ. 1788ರ ಲೆಕ್ಕಪತ್ರದಲ್ಲಿ ಆದಾಯ 50.3 ಕೋಟಿ ಲಿವ್ರ್, ಖರ್ಚು 62.9 ಕೋಟಿ. ಅದರಲ್ಲಿ ಸಾಲದ ಬಾಬ್ತೇ 31.8 ಕೋಟಿ. ವರ್ಸೈ ಆಸ್ಥಾನದ ವೈಭವಕ್ಕೆ ಹೋಗುತ್ತಿದ್ದುದು ಸುಮಾರು ಶೇ 6. ರಾಣಿಯ ಒಡವೆ ಮಾರಿದರೆ ತುಂಬುವ ಹೊಂಡ ಅದಲ್ಲ.

1787ರಲ್ಲಿ ಎಲ್ಲರ ಜಮೀನಿನ ಮೇಲೂ ತೆರಿಗೆಯ ಪ್ರಸ್ತಾಪ ರಾಜನೇ ಆರಿಸಿ ಕರೆದ ಗಣ್ಯರ ಸಭೆಯಲ್ಲಿ ಬಿತ್ತು, ಪಾರ್ಲಮಾಂನಲ್ಲೂ ಬಿತ್ತು. ಆಗಸ್ಟ್ 6ರಂದು ದಿಂಬುಗಳ ಮೇಲೆ ಕೂತು ಬಲವಂತವಾಗಿ ದಾಖಲಿಸಿದ್ದಾಯಿತು, ಮರುದಿನವೇ ನ್ಯಾಯಾಧೀಶರು ಅಸಿಂಧು ಎಂದರು. ಅವರನ್ನು ತ್ರುವಾ ಪಟ್ಟಣಕ್ಕೆ ಗಡಿಪಾರು ಮಾಡಿದರೂ ಸೆಪ್ಟೆಂಬರಿನಲ್ಲಿ ರಾಜಿ ಮಾಡಿ ಕರೆಸಬೇಕಾಯಿತು. ನವೆಂಬರ್ 19ರಂದು 42 ಕೋಟಿಯ ಸಾಲಕ್ಕೆ ಒಪ್ಪಿಗೆ ಕೇಳುವ ಸಭೆ. ಚರ್ಚೆ ತಾಸುಗಟ್ಟಲೆ ನಡೆಯಿತು. ಬಹುಮತ ಸಿಗುವಂತೆಯೇ ಇತ್ತು ಎನ್ನುವವರುಂಟು. ಆದರೆ ಮತ ಎಣಿಸದೆ ದಾಖಲಿಸಲು ರಾಜ ಅಪ್ಪಣೆ ಕೊಟ್ಟ. ಆಗಿನ ಆರ್ಲಿಯನ್ಸ್ ಡ್ಯೂಕ್ (ಹಿಂದಿನ ರೀಜೆಂಟನ ವಂಶಸ್ಥ) ಎದ್ದು ಇದು ಕಾನೂನುಬಾಹಿರ ಎಂದ. ಲೂಯಿ ತಡವರಿಸುತ್ತ ಹೇಳಿದ್ದು: "ಕಾನೂನುಬದ್ಧವೇ, ಯಾಕೆಂದರೆ ನನಗೆ ಬೇಕು." 'ನಾನೇ ರಾಜ್ಯ'ಕ್ಕಿಂತ ಈ ಮಾತನ್ನು ಉದ್ಧರಿಸುವುದು ಮೇಲು. ಆಡಿದ್ದು ನಿಜ, ಆಡಿ ಕೆಟ್ಟದ್ದೂ ನಿಜ. ಸಾಲ ಕೊಡುವವರಿಗೆ ಕೇಳಬಾರದ ಮಾತು ಅದೊಂದೇ.

ನಿಮ್ಮ ಎರಡನೇ ಪ್ರಶ್ನೆಗೆ ತಾರೀಖುಗಳೇ ಉತ್ತರ ಹೇಳುತ್ತವೆ. 1788ರ ಆಗಸ್ಟ್ 8ರಂದು, ಮುಂದಿನ ಮೇ 1ಕ್ಕೆ ಎಸ್ಟೇಟ್ಸ್ ಜನರಲ್ ಸೇರಲಿದೆ ಎಂಬ ಆಜ್ಞೆ ಹೊರಟಿತು. 1614ರ ನಂತರ ಕರೆಯದ ಸಭೆ. ಆಗಸ್ಟ್ 10ರಂದು ಟಿಪ್ಪು ಸುಲ್ತಾನರ ಮೂವರು ರಾಯಭಾರಿಗಳು ವರ್ಸೈನ ಹರ್ಕ್ಯುಲಿಸ್ ಸಭಾಂಗಣದಲ್ಲಿ, ಆಸ್ಥಾನ ಕಿಕ್ಕಿರಿದು ನೆರೆದಿದ್ದಾಗ, ಲೂಯಿಯ ಮುಂದೆ ನಿಂತರು. ಆಗಸ್ಟ್ 16ರಂದು ಖಜಾನೆ ತನ್ನ ಪಾವತಿಯ ಒಂದು ಭಾಗವನ್ನು ನಗದಿನ ಬದಲು ಬಡ್ಡಿಪತ್ರದಲ್ಲಿ ಕೊಡುವುದಾಗಿ ಸಾರಿತು. ಹಿಂದಿನ ವರ್ಷ ಪ್ರಷ್ಯದ ಸೇನೆ ಪಕ್ಕದ ಹಾಲೆಂಡಿಗೆ ನುಗ್ಗಿದಾಗಲೇ ಫ್ರಾನ್ಸ್ ತನ್ನ ಗೆಳೆಯರ ನೆರವಿಗೆ ಹೋಗಲಾಗದೆ ಕೂತಿತ್ತು. ಸಮುದ್ರ ದಾಟಿ ಮೈಸೂರಿಗೆ ದಂಡು ಕಳಿಸಿ, 1783ರಲ್ಲಷ್ಟೇ ಶಾಂತಿ ಮಾಡಿಕೊಂಡ ಇಂಗ್ಲಿಷರನ್ನು ಮತ್ತೆ ಕೆಣಕುವ ಸ್ಥಿತಿ ಅದಾಗಿರಲಿಲ್ಲ. ರಾಯಭಾರಿಗಳು ಸೆವ್ರ್ ಕಾರ್ಖಾನೆಯ ಪಿಂಗಾಣಿ ಮತ್ತು ಕೆಲವು ಕುಶಲಕರ್ಮಿಗಳೊಂದಿಗೆ 1789ರಲ್ಲಿ ಶ್ರೀರಂಗಪಟ್ಟಣಕ್ಕೆ ಮರಳಿದರು. ಅಷ್ಟರಲ್ಲಿ ವರ್ಸೈನಲ್ಲಿ ಎಸ್ಟೇಟ್ಸ್ ಜನರಲ್ ಪ್ರತಿನಿಧಿಗಳು ತಲೆಗೊಂದು ಮತವೋ, ವರ್ಗಕ್ಕೊಂದು ಮತವೋ ಎಂದು ಜಗಳ ಶುರು ಮಾಡಿದ್ದರು.