ಕೈಗುಣಕ್ಕಿಂತ ಮೊದಲು ಕೈ ತೊಳೆಯಬೇಕು

ತುಮಕೂರು ಜಿಲ್ಲೆಯ ಓದುಗರೊಬ್ಬರು ಕೋಪದಿಂದಲೇ ಬರೆದಿದ್ದಾರೆ. ಆರು ವರ್ಷಗಳ ಹಿಂದೆ ಹೃದಯದ ಕವಾಟ ಬದಲಾಯಿಸಿಕೊಂಡ ಅವರ ತಂದೆಯವರ ದವಡೆ ಹಲ್ಲು ಹುಳುಕಾಗಿತ್ತು. ದಂತವೈದ್ಯರು ಅರ್ಧ ಗಂಟೆ ಪ್ರಶ್ನೆ ಕೇಳಿ, ರಕ್ತದೊತ್ತಡ ನೋಡಿ, ರಕ್ತಪರೀಕ್ಷೆಗೂ ಹೃದ್ರೋಗ ತಜ್ಞರ ಸಲಹೆಗೂ ಚೀಟಿ ಬರೆದು ವಾಪಸು ಕಳಿಸಿದರಂತೆ. “ನಮ್ಮೂರಿನ ಹಳೆಯ ಡಾಕ್ಟರು ಐದು ನಿಮಿಷದಲ್ಲಿ ಕಿತ್ತು ಕಳಿಸುತ್ತಿದ್ದರು, ಅವರ ಕೈಗುಣ ಅಂಥದು” ಎಂಬುದು ಪತ್ರದ ಸಾರ.

ಮಾನ್ಯರೇ, ವಯಸ್ಸಾದವರನ್ನು ಕರೆದುಕೊಂಡು ಎರಡೆರಡು ಸಲ ಬಸ್ಸು ಹತ್ತುವ ಕಷ್ಟ ನಿಜ. ಬೇಡದ ಪರೀಕ್ಷೆ ಬರೆಯುವವರೂ ಇದ್ದಾರೆ. ಆದರೆ ನಿಮ್ಮ ತಂದೆಯವರ ಮಟ್ಟಿಗೆ ಆ ಚೀಟಿಯೇ ಚಿಕಿತ್ಸೆಯ ಮೊದಲ ಹೆಜ್ಜೆಯಾಗಿತ್ತು. ಹಲ್ಲು ಕೀಳುವಾಗ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತವೆ. ಆರೋಗ್ಯವಂತರ ದೇಹ ಅವನ್ನು ಬೇಗನೆ ನಿವಾರಿಸಿಕೊಳ್ಳುತ್ತದೆ. ಕೃತಕ ಕವಾಟವಿದ್ದವರಲ್ಲಿ ಅವು ಅಲ್ಲೇ ಬೀಡುಬಿಟ್ಟು ಪ್ರಾಣಕ್ಕೆ ಎರವಾಗಬಹುದು. ಆದ್ದರಿಂದಲೇ ಅಂಥವರಿಗೆ, ಪೆನಿಸಿಲಿನ್ ಅಲರ್ಜಿ ಇಲ್ಲದಿದ್ದರೆ, ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು 2 ಗ್ರಾಂ ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಕೊಡುವ ಪದ್ಧತಿಯಿದೆ. ರಕ್ತ ಹೆಪ್ಪುಗಟ್ಟದಂತೆ ಅವರು ವಾರ್ಫರಿನ್ ನುಂಗುತ್ತಿದ್ದರೆ ಐಎನ್‌ಆರ್ ಎಂಬ ರಕ್ತ ಹೆಪ್ಪುಗಟ್ಟುವ ಸಮಯದ ಅಳತೆಯನ್ನು ನೋಡದೆ ಕೈಹಾಕುವಂತಿಲ್ಲ. ಹೆದರಿ ನೀವೇ ಮಾತ್ರೆ ನಿಲ್ಲಿಸಿದರೆ ಕವಾಟದ ಮೇಲೆಯೇ ಹೆಪ್ಪು ಕೂರುವ ಅಪಾಯ ಬೇರೆ.

ಇನ್ನು ಕೈಗುಣದ ಮಾತು. ನನ್ನ ಬಾಲ್ಯದಲ್ಲಿ ನಮ್ಮ ಕಡೆಯೂ ಅಂಥವರೊಬ್ಬರಿದ್ದರು. ಸೀಮೆಎಣ್ಣೆ ಸ್ಟೌವಿನ ಮೇಲೆ ಅಲ್ಯೂಮಿನಿಯಂ ಪಾತ್ರೆ, ಅದರಲ್ಲಿ ಒಂದೇ ಇಕ್ಕಳ. ಒಬ್ಬರ ಬಾಯಿಂದ ತೆಗೆದದ್ದನ್ನು ಕುದಿಯುವ ನೀರಿನಲ್ಲಿ ಅದ್ದಿ ಮುಂದಿನವರ ಬಾಯಿಗೆ ಇಡುತ್ತಿದ್ದರು. ಅವರಲ್ಲಿ ಹಲ್ಲು ಕೀಳಿಸಿಕೊಂಡ ನನ್ನ ಸೋದರಮಾವನಿಗೆ ಕೆಲವು ತಿಂಗಳಲ್ಲಿ ಕಾಮಾಲೆಯಾದಾಗ ಮನೆಯಲ್ಲಿ ಎಲ್ಲರೂ ಹಣೆಬರಹವೆಂದರು. ಅದು ಆ ಇಕ್ಕಳದಿಂದಲೇ ಬಂತೆಂದು ಇಂದು ಸಾಧಿಸಲಾರೆ. ಆದರೆ ಯಾರೂ ಆ ಪ್ರಶ್ನೆಯನ್ನೇ ಕೇಳಲಿಲ್ಲವೆಂಬುದು ಈಗಲೂ ನನ್ನನ್ನು ಕಾಡುತ್ತದೆ. ಗಟ್ಟಿ ಕವಚದ ಸೂಕ್ಷ್ಮಾಣುಬೀಜಗಳು ಬರಿಯ ಕುದಿನೀರಿಗೆ ಸಾಯುವುದಿಲ್ಲ. ಆಟೋಕ್ಲೇವ್ ಎಂಬ ಉಗಿಯಂತ್ರದಲ್ಲಿ 121 ಡಿಗ್ರಿ ಸೆಲ್ಸಿಯಸ್ ಉಗಿ, ಒತ್ತಡದೊಂದಿಗೆ, ಕನಿಷ್ಠ 15 ನಿಮಿಷವಾದರೂ ತಾಗಬೇಕು. ಕಳೆದ ವರ್ಷ ನನ್ನ ಹಲ್ಲು ಕೀಳುವ ಮುನ್ನ ದಾದಿ ಉಪಕರಣದ ಪೊಟ್ಟಣವನ್ನು ನನ್ನೆದುರೇ ಹಿಡಿದು, ಉಗಿ ತಗುಲಿ ಬಣ್ಣ ತಿರುಗಿದ ಗುರುತನ್ನು ತೋರಿಸಿಯೇ ಹರಿದರು. ಆ ಸದ್ದು ಕೇಳಿದಾಗ ಆದ ಸಮಾಧಾನ ಯಾವ ಕೈಗುಣದ ಹೊಗಳಿಕೆಯಿಂದಲೂ ನನಗೆ ಆಗಿರಲಿಲ್ಲ.

ಇದೆಲ್ಲ ಹಳೆಯ ಕಾಲದ ಕಥೆ ಎನ್ನಬೇಡಿ. 2023ರ ಸುಮಾರಿಗೆ ತಮಿಳುನಾಡಿನ ತಿರುಪತ್ತೂರು ಜಿಲ್ಲೆಯಲ್ಲಿ ಒಂದು ದಂತ ಚಿಕಿತ್ಸಾಲಯಕ್ಕೆ ಹೋಗಿಬಂದ 10 ಮಂದಿಯ ಮಿದುಳಿಗೆ ಮೆಲಿಯಾಯ್ಡೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ತಗುಲಿ 8 ಮಂದಿ ತೀರಿಕೊಂಡರು. ಸಲೈನ್ ಬಾಟಲಿಯನ್ನು ಬಾಯಿಯ ಶಸ್ತ್ರಚಿಕಿತ್ಸೆಯ ಉಪಕರಣದಿಂದಲೇ ತೆರೆದು, ಹತ್ತಿಯಿಂದ ಸಡಿಲವಾಗಿ ಮುಚ್ಚಿಟ್ಟು, ಮತ್ತೆ ಮತ್ತೆ ಬಳಸಲಾಗುತ್ತಿತ್ತೆಂದು ತನಿಖೆಯಲ್ಲಿ ತಿಳಿಯಿತು. ಮಣ್ಣಿನಲ್ಲಿ ವಾಸಿಸುವ ಈ ಬ್ಯಾಕ್ಟೀರಿಯಾ ನಮ್ಮ ಕರಾವಳಿಗೂ ಹೊಸದಲ್ಲ. ಒಂದು ಹೊಸ ಬಾಟಲಿ ಒಡೆಯುವ ಖರ್ಚೆಷ್ಟು, ಹೇಳಿ!

ನಿಮ್ಮ ಕೋಪವನ್ನು ತಿರುಗಿಸಬೇಕಾದ ಕಡೆ ಬೇರೆ ಇದೆ. ಸಕ್ಕರೆ ಕಾಯಿಲೆ ಇದೆಯೇ, ಮೂಳೆ ಸವೆತಕ್ಕೆ ಚುಚ್ಚುಮದ್ದು ತೆಗೆದುಕೊಂಡಿದ್ದೀರಾ, ಹಿಂದೆ ರಕ್ತ ನಿಲ್ಲದೆ ತೊಂದರೆಯಾಗಿತ್ತೇ ಎಂದು ಚಿಕಿತ್ಸೆಗೆ ಮುನ್ನ ಕೇಳುವ ಫಾರಮ್ಮು ಎಷ್ಟೋ ಕಡೆ ಇಂಗ್ಲಿಷಿನಲ್ಲೇ ಇರುತ್ತದೆ. ಮೂಳೆ ಸವೆತದ ಕೆಲವು ಔಷಧಿಗಳಿಂದ ಹಲ್ಲು ಕಿತ್ತ ಜಾಗದ ದವಡೆ ಮೂಳೆಯೇ ಸಾಯಬಹುದೆಂದು ತಿಳಿಯದ ತಾಯಿ, ಮಗ ತೋರಿಸಿದ ಕಡೆ ರುಜು ಹಾಕಿ ಬಾಯಿ ತೆರೆಯುತ್ತಾಳೆ. ಕನ್ನಡನಾಡಿನ ರೋಗಿಯ ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ಯಾವ ಯಂತ್ರ ಬೇಕು, ಯಾವ ಅನುದಾನ ಬೇಕು?

ರಕ್ತಪರೀಕ್ಷೆ ಮುಗಿಸಿಕೊಂಡು ಆ ವೈದ್ಯರ ಬಳಿಗೇ ಹೋಗಿ. ತಂದೆಯವರು ನುಂಗುವ ಮಾತ್ರೆಗಳನ್ನೆಲ್ಲ, ನಾಟಿ ಔಷಧಿಯನ್ನೂ ಬಿಡದೆ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಲ್ಲಿಯ ಫಾರಮ್ಮು ಇಂಗ್ಲಿಷಿನಲ್ಲಿದ್ದರೆ ಅದರ ಒಂದು ಪ್ರತಿಯನ್ನು ನಮಗೆ ಕಳಿಸಿ. ಕನ್ನಡಕ್ಕೆ ತಂದು ಈ ಪುಟದಲ್ಲೇ ಅಚ್ಚು ಹಾಕುತ್ತೇವೆ.

— ಸಂಪಾದಕ