ಹೊಸ ಬ್ಯಾಟರಿಯೂ ಇಳಿದರೆ ಡೈನಮೋ ಬದಲಿಸಬೇಕೆ?

ಪ್ರಶ್ನೆ: ನಮ್ಮದು ಏಳು ವರ್ಷ ಹಳೆಯ ಪೆಟ್ರೋಲ್ ಕಾರು. ಮೂರು ತಿಂಗಳ ಹಿಂದೆ 35 ಆಂಪಿಯರ್-ಅವರ್‌ನ ಹೊಸ ಬ್ಯಾಟರಿ ಹಾಕಿಸಿದ್ದೇನೆ. ಆದರೂ ಕಾರು ನಾಲ್ಕು ದಿನ ಶೆಡ್ಡಿನಲ್ಲಿ ನಿಂತರೆ ಸಾಕು, ಸೆಲ್ಫ್ ಹೊಡೆದಾಗ ಟಕಟಕ ಸದ್ದು ಬರುತ್ತದೆಯೇ ಹೊರತು ಎಂಜಿನ್ ತಿರುಗುವುದಿಲ್ಲ. ತಳ್ಳಿ ಸ್ಟಾರ್ಟ್ ಮಾಡಿದರೆ ದಿನವಿಡೀ ಓಡುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪವೂ ಆರಿರುತ್ತದೆ. ಮೆಕ್ಯಾನಿಕ್ ಡೈನಮೋ ಬದಲಿಸಿ ಎನ್ನುತ್ತಾರೆ, ಬ್ಯಾಟರಿ ಅಂಗಡಿಯವರು ತಮ್ಮ ಮಾಲಿನಲ್ಲಿ ದೋಷವಿಲ್ಲ ಎನ್ನುತ್ತಾರೆ. ಯಾರ ಮಾತನ್ನು ನಂಬಲಿ?
— ಓದುಗರು, ಸಾಗರ

ಉತ್ತರ: ಇಬ್ಬರೂ ಅಳತೆ ಮಾಡದೆ ಹೇಳಿದಂತೆ ಕಾಣುತ್ತದೆ, ಆದ್ದರಿಂದ ಸದ್ಯಕ್ಕೆ ಯಾರನ್ನೂ ನಂಬಬೇಕಾಗಿಲ್ಲ. ನಿಮ್ಮ ಪತ್ರದಲ್ಲೇ ಒಂದು ಸುಳಿವಿದೆ. ಡೈನಮೋ, ಅಂದರೆ ಎಂಜಿನ್ ಓಡುವಾಗ ವಿದ್ಯುತ್ ತಯಾರಿಸಿ ಬ್ಯಾಟರಿ ತುಂಬುವ ಆಲ್ಟರ್ನೇಟರ್, ಪೂರ್ತಿ ಕೆಟ್ಟಿದ್ದರೆ ತಳ್ಳಿ ಎಬ್ಬಿಸಿದ ಕಾರು ಖಾಲಿ ಬ್ಯಾಟರಿಯ ಬಲದಿಂದ ದಿನವಿಡೀ ಓಡುವುದು ಸಾಧ್ಯವಿರಲಿಲ್ಲ. ಓಡುವಾಗ ತೊಂದರೆಯಿಲ್ಲದೆ ನಿಂತಾಗ ಮಾತ್ರ ಬ್ಯಾಟರಿ ಇಳಿಯುತ್ತಿದೆಯೆಂದರೆ, ಎಲ್ಲೋ ವಿದ್ಯುತ್ ಸೋರುತ್ತಿದೆ ಎಂಬುದು ನನ್ನ ಮೊದಲ ಅನುಮಾನ. ಅನುಮಾನವೇ ತೀರ್ಪಲ್ಲವಾದ್ದರಿಂದ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ತೆಗೆದುಕೊಂಡು ಕ್ರಮವಾಗಿ ನೋಡಿ.

ಮೊದಲು ಟರ್ಮಿನಲ್‌ಗಳು ಬಿಗಿಯಾಗಿವೆಯೇ, ಅವುಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ ಎಂದು ಪರೀಕ್ಷಿಸಿ. ಅನಂತರ ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಲ್ಲಿ ಇಡೀ ರಾತ್ರಿ ಚಾರ್ಜ್ ಮಾಡಿಸಿ. ಈ ಹಂತವನ್ನು ಬಿಟ್ಟರೆ ಮುಂದಿನ ಎಲ್ಲ ಅಳತೆಗಳೂ ದಾರಿ ತಪ್ಪಿಸುತ್ತವೆ. ಪೂರ್ತಿ ಇಳಿದ ಬ್ಯಾಟರಿ ಅರ್ಧ ಗಂಟೆಯ ಓಡಾಟದಿಂದ ತುಂಬುವುದಿಲ್ಲ, ಕೊನೆಯ ಭಾಗವನ್ನಂತೂ ಅದು ಬಹಳ ನಿಧಾನವಾಗಿ ತೆಗೆದುಕೊಳ್ಳುತ್ತದೆ. ಚಾರ್ಜ್ ಆದ ಮೇಲೆ ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆದಾಗ 12.6 ವೋಲ್ಟ್ ಅಥವಾ ತುಸು ಹೆಚ್ಚು ಬಂದರೆ ಬ್ಯಾಟರಿ ತುಂಬಿದೆ ಎಂದರ್ಥ. 12.2 ಎಂದರೆ ಹೆಚ್ಚುಕಡಿಮೆ ಅರ್ಧ. ತುಂಬಿದ ಬ್ಯಾಟರಿಯೂ ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗಿಳಿದರೆ ಆಗ ಅಂಗಡಿಯವರೊಂದಿಗೆ ವಾರಂಟಿಯ ಮಾತಾಡಬಹುದು.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್, ಎಸಿ ಎಲ್ಲವನ್ನೂ ಹಾಕಿ ಎಂಜಿನ್ನಿನ ವೇಗವನ್ನು ಸ್ವಲ್ಪ ಏರಿಸಿದಾಗಲೂ ಅದು 13.5ರ ಆಸುಪಾಸಿನಲ್ಲಿ ನಿಲ್ಲಬೇಕು. ಕಡಿಮೆ ಬಂದ ಮಾತ್ರಕ್ಕೆ ಆಲ್ಟರ್ನೇಟರನ್ನು ಬಿಚ್ಚಿಸಬೇಡಿ: ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ವೈರು ಕೂರುವ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್‌ಗೂ ಹಿಡಿಯಿರಿ. ಅರ್ಧ ವೋಲ್ಟಿನಷ್ಟು ವ್ಯತ್ಯಾಸ ಕಂಡರೆ ದೋಷವಿರುವುದು ನಡುವಿನ ವೈರಿನಲ್ಲಿ. ಸಡಿಲವಾದ ಬೆಲ್ಟ್, ತುಕ್ಕು ಹಿಡಿದ ಅರ್ತ್ ವೈರ್ ಕೂಡ ಇದೇ ಲಕ್ಷಣವನ್ನು ತೋರಿಸುತ್ತವೆ. ಮಲೆನಾಡಿನ ಮಳೆಯಲ್ಲಿ ಅರ್ತ್ ವೈರಿನ ತುಕ್ಕು ಅಪರೂಪವೇನಲ್ಲ. 15 ವೋಲ್ಟ್ ದಾಟಿದರೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುವ ಮೊದಲೇ ಸರಿಪಡಿಸಿಕೊಳ್ಳಿ.

ಇದೆಲ್ಲ ಸರಿಯಿದ್ದರೆ ಉಳಿಯುವುದು ಸೋರಿಕೆ, ಹೆಚ್ಚಿನ ಸಮಯವನ್ನು ಅದಕ್ಕೇ ಕೊಡಬೇಕು. ಎಲ್ಲವನ್ನೂ ಆರಿಸಿ, ನೆಗೆಟಿವ್ ಕೇಬಲ್ ಬಿಚ್ಚಿ, ಆ ಕೇಬಲ್‌ಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ಜೋಡಿಸಿ. ಮೀಟರ್ ಹೀಗಿರುವಾಗ ಸೆಲ್ಫ್ ಹೊಡೆದರೆ ಅದರ ಫ್ಯೂಸ್ ಹೋಗುತ್ತದೆ, ಕೀಲಿಯನ್ನು ಮುಟ್ಟಲೇಬೇಡಿ. ಕಾರಿನೊಳಗಿನ ಕಂಪ್ಯೂಟರ್‌ಗಳು ನಿದ್ದೆಗೆ ಜಾರಲು ಅರ್ಧ ಗಂಟೆಯಾದರೂ ಬೇಕು, ಅಲ್ಲಿಯವರೆಗೆ ಕಾಣುವ ಅಂಕಿಗೆ ಬೆಲೆಯಿಲ್ಲ. ಆಮೇಲೆ 50 ಮಿಲಿಆಂಪಿಯರ್‌ಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. ದಿನಕ್ಕೆ ಹೋಗುವುದು 1.2 ಆಂಪಿಯರ್-ಅವರ್ ಮಾತ್ರ. ಅದೇ 300 ಮಿಲಿಆಂಪಿಯರ್ ಇದ್ದರೆ ದಿನಕ್ಕೆ 7.2, ನಾಲ್ಕು ದಿನಕ್ಕೆ ಸುಮಾರು 29 ಆಂಪಿಯರ್-ಅವರ್ ಖರ್ಚಾಗುತ್ತದೆ. ನಿಮ್ಮ 35ರಲ್ಲಿ ಆಗ ಉಳಿಯುವುದೆಷ್ಟು? ನಿಮ್ಮ ನಾಲ್ಕು ದಿನದ ಲೆಕ್ಕಕ್ಕೆ ಇದು ಸರಿಯಾಗಿ ಹೊಂದುತ್ತದೆ. ಒಂದೊಂದೇ ಫ್ಯೂಸ್ ತೆಗೆಯುತ್ತ ಬನ್ನಿ. ಯಾವುದನ್ನು ತೆಗೆದಾಗ ಅಂಕಿ ಥಟ್ಟನೆ ಇಳಿಯುತ್ತದೋ ಆ ದಾರಿಯಲ್ಲಿ ಸೋರಿಕೆಯಿದೆ. ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಡ್ಯಾಶ್‌ಕ್ಯಾಮ್, ಮುಚ್ಚಿದ ಮೇಲೂ ಉರಿಯುವ ಡಿಕ್ಕಿಯ ದೀಪ, ಇವು ಹಳೆಯ ಅಪರಾಧಿಗಳು.

ಯಾವ ಫ್ಯೂಸ್ ತೆಗೆದರೂ ಅಂಕಿ ಇಳಿಯದಿದ್ದರೆ ಮಾತ್ರ ನಿಮ್ಮ ಮೆಕ್ಯಾನಿಕ್ ಅರ್ಧ ಸರಿ ಹೇಳಿದ್ದಾರೆ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ, ಆಲ್ಟರ್ನೇಟರ್ ಒಳಗಿನ ಡಯೋಡ್ ಕೆಟ್ಟರೆ ಓಡುವಾಗ ಹೇಗೋ ಚಾರ್ಜ್ ಮಾಡುತ್ತ, ನಿಂತಾಗ ಬ್ಯಾಟರಿಯನ್ನು ಹಿಂದಕ್ಕೆ ಹೀರುವುದುಂಟು. ಎಂಜಿನ್ ಓಡುವಾಗ ಮೀಟರನ್ನು ಎಸಿ (ಪರ್ಯಾಯ ವಿದ್ಯುತ್) ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಡಯೋಡ್ ಮೇಲೆ ಬಲವಾದ ಶಂಕೆ ಪಡಬಹುದು. ಆಗಲೂ ಒಳ್ಳೆಯ ಆಟೊ ಎಲೆಕ್ಟ್ರಿಷಿಯನ್ ಸಿಕ್ಕರೆ ಡಯೋಡ್ ಪ್ಲೇಟ್ ಅಷ್ಟನ್ನೇ ಬದಲಿಸಿಕೊಡುತ್ತಾರೆ.

ಪ್ರಶ್ನೆ: ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ತೆಗೆದು, ಕಾರು ನಿಂತರೆ ಡೈನಮೋ ಹೋಗಿದೆ, ನಿಲ್ಲದಿದ್ದರೆ ಚೆನ್ನಾಗಿದೆ ಎನ್ನುವ ಪರೀಕ್ಷೆ ಸರಿಯೆ?
— ಓದುಗರು, ಹಾವೇರಿ

ಉತ್ತರ: ಸರಿಯಲ್ಲ, ಯಾರಾದರೂ ಮಾಡಲು ಬಂದರೆ ತಡೆಯಿರಿ. ಎಲೆಕ್ಟ್ರಾನಿಕ್ಸ್ ಇಲ್ಲದ ಹಳೆಯ ಕಾರುಗಳ ಕಾಲದಿಂದ ಉಳಿದುಬಂದ ಅಭ್ಯಾಸವಿದು. ಚಾರ್ಜ್ ಆಗುತ್ತಿರುವ ಬ್ಯಾಟರಿಯನ್ನು ಹಠಾತ್ತಾಗಿ ಬೇರ್ಪಡಿಸಿದರೆ ಆಲ್ಟರ್ನೇಟರಿನ ವೋಲ್ಟೇಜ್ ಕ್ಷಣಮಾತ್ರದಲ್ಲಿ ಹತ್ತಾರು ವೋಲ್ಟಿಗೆ ಜಿಗಿಯಬಹುದು, ಅದರಿಂದ ಡಯೋಡ್‌ಗಳೂ ಎಂಜಿನ್ನಿನ ಕಂಪ್ಯೂಟರೂ ಸುಟ್ಟುಹೋಗುವ ಅಪಾಯವಿದೆ.

ಪ್ರಶ್ನೆ: ನನ್ನ ಹೊಸ ಕಾರಿನಲ್ಲಿ ಓಡುವಾಗ ವೋಲ್ಟೇಜ್ ಒಮ್ಮೆ 14.5, ಇನ್ನೊಮ್ಮೆ 12.8 ತೋರಿಸುತ್ತದೆ. ಇದು ದೋಷವೆ?
— ಓದುಗರು, ಬಳ್ಳಾರಿ

ಉತ್ತರ: ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಚಿಕ್ಕ ಸೆನ್ಸರ್ ಇದೆಯೇ ನೋಡಿ. ಇದ್ದರೆ ಬಹುತೇಕ ದೋಷವಲ್ಲ. ಇಂಧನ ಉಳಿಸಲೆಂದು ಇಂಥ ಕಾರುಗಳು ಬ್ಯಾಟರಿ ತುಂಬಿದಾಗ ಚಾರ್ಜಿಂಗ್ ತಗ್ಗಿಸಿ, ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಹೆಚ್ಚಿಸುತ್ತವೆ. ಹೆಡ್‌ಲೈಟ್ ಹಾಕಿ ಮತ್ತೆ ಅಳೆಯಿರಿ. ಆಗ ಸಾಮಾನ್ಯವಾಗಿ ವೋಲ್ಟೇಜ್ ಏರುತ್ತದೆ. ಏರದೆ ದಿನದಿಂದ ದಿನಕ್ಕೆ ಸೆಲ್ಫ್ ಮಂದವಾಗುತ್ತಿದ್ದರೆ ವಾರಂಟಿ ಮುಗಿಯುವ ಮೊದಲೇ ಸರ್ವಿಸ್ ಕೇಂದ್ರದಲ್ಲಿ ತೋರಿಸಿ.