ದ ಜಾಮ್: ಪಂಕ್ ಬ್ಯಾಂಡೋ, ಮಾಡ್ ಬ್ಯಾಂಡೋ, ಬರೀ ನಕಲೋ?

ಬ್ರಿಟನ್ನಿನ ರಾಕ್ ಬ್ಯಾಂಡ್ ‘ದ ಜಾಮ್’ ಅನ್ನು ಕೆಲವರು ಪಂಕ್ (ವೇಗದ, ಒರಟು ರಾಕ್) ಎನ್ನುತ್ತಾರೆ, ಕೆಲವರು ಅರವತ್ತರ ದಶಕದ ಮಾಡ್ ಎಂಬ ಯುವಶೈಲಿಯ ಪುನರುಜ್ಜೀವನದ ಬ್ಯಾಂಡ್ ಎನ್ನುತ್ತಾರೆ, ಇನ್ನು ಕೆಲವರು ಬೀಟಲ್ಸ್‌ನ ನಕಲು ಎಂದು ತಳ್ಳಿಹಾಕುತ್ತಾರೆ, ಯಾವುದು ನಿಜ ಎಂದು ಕೇಳಿದ್ದೀರಿ. ಮೂರರಲ್ಲೂ ಅಷ್ಟಿಷ್ಟು ಹುರುಳಿದೆ.

ನಕಲಿನಿಂದಲೇ ಶುರುಮಾಡುತ್ತೇನೆ. ಬೇಸ್ ಗಿಟಾರ್ ಕಲಿಯುತ್ತಿದ್ದಾಗ ಬೀಟಲ್ಸ್‌ನ ‘ಟ್ಯಾಕ್ಸ್‌ಮನ್’ ಹಾಡಿನ ಬೇಸ್ ತುಣುಕನ್ನು ಒಂದು ವಾರ ತಿದ್ದಿ ತೀಡಿ ಕೈಗೆ ಕೂರಿಸಿಕೊಂಡಿದ್ದೆ. ಅದು 1966ರ ಹಾಡು. ಆಮೇಲೊಂದು ದಿನ ಜಾಮ್‌ನವರ ‘ಸ್ಟಾರ್ಟ್!’ ಹಾಕಿದೆ. ನನ್ನ ಬೆರಳುಗಳು ಕೇಳದೆಯೇ ಹಳೆಯ ಜಾಗಕ್ಕೆ ಹೋಗಿ ಕೂತವು. ಇಷ್ಟು ರಾಜಾರೋಷವಾಗಿ ಎತ್ತಿಕೊಂಡ ಹಾಡು 1980ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮೊದಲು ನನಗೂ ಸಿಟ್ಟು ಬಂತು. ಆಮೇಲೆ ನಮ್ಮ ಭಜನೆ ಪುಸ್ತಕಗಳ ನೆನಪಾಯಿತು. ಅಲ್ಲಿ ಎಷ್ಟೋ ಪದ್ಯಗಳ ನೆತ್ತಿಯ ಮೇಲೆ ‘ಇಂಥ ಹಾಡಿನ ಧಾಟಿ’ ಎಂದು ಅಚ್ಚಾಗಿರುತ್ತದೆ. ಅದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಜಾಮ್‌ನವರು ಹಾಗೆ ಅಚ್ಚು ಹಾಕಿಸಲಿಲ್ಲ, ಅಷ್ಟೇ ವ್ಯತ್ಯಾಸ.

ಕಥೆ ಶುರುವಾಗುವುದು ಲಂಡನ್ನಿನ ನೈಋತ್ಯಕ್ಕಿರುವ ವೋಕಿಂಗ್ ಎಂಬ ಊರಿನಲ್ಲಿ, 1972ರಲ್ಲಿ. ಪಾಲ್ ವೆಲ್ಲರ್ ಆಗ ಶಾಲಾ ಹುಡುಗ. ಅವನ ಅಪ್ಪ ಜಾನ್ ಕಟ್ಟಡ ಕೆಲಸ ಮಾಡುತ್ತಿದ್ದವರು. ಮಗನ ಬ್ಯಾಂಡಿಗೆ ಕೊನೆಯವರೆಗೂ ಅವರೇ ಮ್ಯಾನೇಜರ್. ಕಾರ್ಮಿಕರ ಕ್ಲಬ್ಬುಗಳಲ್ಲಿ ಚಕ್ ಬೆರ್ರಿಯ ಹಳೆಯ ರಾಕ್ ಅಂಡ್ ರೋಲ್ ಹಾಡುಗಳನ್ನೂ ಬೀಟಲ್ಸ್ ಹಾಡುಗಳನ್ನೂ ಹಾಡಿ ಕೈ ಪಳಗಿಸಿಕೊಂಡರು. ಕೊನೆಗೆ ಉಳಿದವರು ಮೂವರು: ಗಿಟಾರ್ ಮತ್ತು ಹಾಡುಗಾರಿಕೆಗೆ ವೆಲ್ಲರ್, ಬೇಸ್‌ಗೆ ಬ್ರೂಸ್ ಫಾಕ್ಸ್‌ಟನ್, ಡ್ರಮ್ಸ್‌ಗೆ ರಿಕ್ ಬಕ್ಲರ್.

ಹದಿಹರೆಯದಲ್ಲಿ ವೆಲ್ಲರ್ ಕಿವಿಗೆ ಅರವತ್ತರ ದಶಕದ ಬ್ರಿಟಿಷ್ ಬ್ಯಾಂಡ್ ‘ದ ಹೂ’ನ ಮೊದಲ ಆಲ್ಬಮ್ ಬಿತ್ತು. ಹುಡುಗ ಅಲ್ಲಿಗೆ ಮಾಡ್ ಆಗಿಹೋದ. (ಮಾಡ್ ಎಂದರೆ ನಮ್ಮ ಕ್ರಿಯಾಪದವಲ್ಲ, ‘ಮಾಡರ್ನಿಸ್ಟ್’ ಎಂಬುದರ ಮೊಟಕು.) ಐವತ್ತರ ದಶಕದ ಕೊನೆಯಲ್ಲಿ ಮಾಡರ್ನ್ ಜಾಝ್ ಕೇಳುತ್ತಿದ್ದ ಲಂಡನ್ ಹುಡುಗರಿಗೆ ಬಂದ ಹೆಸರು ಅದು. ಸಂಬಳವೆಲ್ಲ ಇಟಾಲಿಯನ್ ಮಾದರಿಯ ಸೂಟಿಗೆ, ಸ್ಕೂಟರಿಗೆ, ಅಮೆರಿಕದ ಕಪ್ಪು ಗಾಯಕರ ‘ಸೋಲ್’ ಎಂಬ ಸಂಗೀತದ ರೆಕಾರ್ಡುಗಳಿಗೆ ಖರ್ಚು. ಸ್ಕೂಟರ್ ಎಂದರೆ ವೆಸ್ಪಾ ಅಥವಾ ಲ್ಯಾಂಬ್ರೆಟಾ. ವೆಲ್ಲರ್ ಈ ಹುಚ್ಚು ಹಿಡಿಸಿಕೊಳ್ಳುವ ಹೊತ್ತಿಗೆ ಇಟಲಿಯಲ್ಲಿ ಲ್ಯಾಂಬ್ರೆಟಾ ತಯಾರಿಕೆ ನಿಂತು, ಅದರ ಯಂತ್ರಗಳೆಲ್ಲ ಲಕ್ನೋದ ಸ್ಕೂಟರ್ಸ್ ಇಂಡಿಯಾಕ್ಕೆ ಬಂದಿದ್ದವು. ಅವನಿಗೆ ಕನಸಾಗಿದ್ದ ಬಂಡಿ ನಮ್ಮಲ್ಲಿ ವಿಜಯ್ ಸೂಪರ್ ಎಂಬ ಹೆಸರಿನಲ್ಲಿ ಸಂಸಾರ ಹೊತ್ತುಕೊಂಡು ಓಡಾಡಿತು.

ಪಂಕ್ ಎನ್ನುವುದು ಎಲ್ಲಿಂದ ಬಂತೆಂದರೆ, 1977ರಿಂದ. ಹಿಂದಿನ ವರ್ಷ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ಬ್ಯಾಂಡಿನ ಸಂಗೀತ ಕಛೇರಿ ಕಂಡು ಬಂದ ವೆಲ್ಲರ್‌ಗೆ ಆ ವೇಗ ಹಿಡಿಸಿತ್ತು. ‘ಇನ್ ದ ಸಿಟಿ’ ಆಲ್ಬಮ್ ಬಂದಾಗ ಉಳಿದ ಪಂಕ್ ಹುಡುಗರು ಹರಕು ಅಂಗಿಗೆ ಪಿನ್ನು ಚುಚ್ಚಿಕೊಂಡಿದ್ದರೆ, ಈ ಮೂವರು ಕಪ್ಪು ಸೂಟು, ಸಪೂರ ಟೈ ತೊಟ್ಟು ನಿಂತರು. ಶೀರ್ಷಿಕೆ ಕೂಡ ಹೂ ಬ್ಯಾಂಡಿನ ಒಂದು ಹಳೆಯ ಹಾಡಿನದೇ. ವೆಲ್ಲರ್ ಗಿಟಾರ್ ಮೀಟುವ ರೀತಿಯಲ್ಲಿ ಇನ್ನೊಬ್ಬ ಗುರುವೂ ಕೇಳಿಸುತ್ತಾನೆ: ಡಾಕ್ಟರ್ ಫೀಲ್‌ಗುಡ್ ಬ್ಯಾಂಡಿನ ವಿಲ್ಕೊ ಜಾನ್ಸನ್. ತಾಳ ಹಿಡಿಯುವ ಗಿಟಾರೂ ನಡುನಡುವೆ ರಾಗ ಎಳೆಯುವ ಗಿಟಾರೂ ಒಂದೇ ಕೈಯಲ್ಲಿ, ಈರುಳ್ಳಿ ಹೆಚ್ಚಿದಷ್ಟು ಚುರುಕಾಗಿ. ಒಂದೇ ಗಿಟಾರಿರುವ ಬ್ಯಾಂಡಿಗೆ ಬೇಕಾದದ್ದು ಅದೇ.

ಅದೇ ವರ್ಷ ಅವಸರದಲ್ಲಿ ತಂದ ಎರಡನೆಯ ಆಲ್ಬಮ್ ಸಪ್ಪೆ. ಮೂರನೆಯದಕ್ಕೆ ಕೊಟ್ಟ ಹಾಡುಗಳನ್ನು ರೆಕಾರ್ಡ್ ಕಂಪನಿ ವಾಪಸು ಕಳಿಸಿತು. ನನ್ನ ಮಟ್ಟಿಗೆ ಜಾಮ್ ಜಾಮ್ ಆದದ್ದು ಈ ಪೆಟ್ಟಿನ ಮೇಲೆಯೇ. ವೆಲ್ಲರ್ ಊರಿಗೆ ಮರಳಿ ಅರವತ್ತರ ದಶಕದ ಇನ್ನೊಂದು ಬ್ರಿಟಿಷ್ ಬ್ಯಾಂಡ್ ಕಿಂಕ್ಸ್‌ನ ರೇ ಡೇವಿಸ್‌ನ ಹಾಡುಗಳಲ್ಲಿ ಮುಳುಗಿದ. ಅಲ್ಲಿಯವರೆಗೆ ಕೂಗುತ್ತಿದ್ದವನು ಸುತ್ತಲಿನವರನ್ನು ನೋಡಲು ಕಲಿತ. 1978ರ ‘ಆಲ್ ಮಾಡ್ ಕಾನ್ಸ್’ ಆಲ್ಬಮ್‌ನಲ್ಲಿ ಕಿಂಕ್ಸ್‌ನ ಒಂದು ಹಾಡೇ ಇದೆ. ಆದರೆ ಸಾಲದ ಲೆಕ್ಕ ಕಾಣುವುದು ಕೊನೆಯ ಹಾಡಿನಲ್ಲಿ. ನಡುರಾತ್ರಿ ಮನೆಗೆ ಹೊರಟವನೊಬ್ಬ ಸುರಂಗ ರೈಲಿನ ನಿಲ್ದಾಣದಲ್ಲಿ ಪುಂಡರ ಕೈಗೆ ಸಿಕ್ಕಿ ಬೀಳುತ್ತಾನೆ. ಅವನ ಕೈಯಲ್ಲಿ ಹೆಂಡತಿಗೆಂದು ಕಟ್ಟಿಸಿಕೊಂಡ ಊಟದ ಪೊಟ್ಟಣ. ಆ ಪೊಟ್ಟಣ ಯಾರ ಧಾಟಿಯೂ ಅಲ್ಲ, ವೆಲ್ಲರ್‌ನ ಸ್ವಂತದ್ದು.

1979ರಲ್ಲಿ ಮಾಡ್‌ಗಳ ಕಥೆಯ ‘ಕ್ವಾಡ್ರೊಫೀನಿಯಾ’ ಚಿತ್ರ ಬರುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಮಾಡ್‌ಗಳ ಗುರುತಾದ ಪಾರ್ಕಾ ಕೋಟುಗಳ ಸುಗ್ಗಿ. ಸೀಕ್ರೆಟ್ ಅಫೇರ್, ಪರ್ಪಲ್ ಹಾರ್ಟ್ಸ್, ಲ್ಯಾಂಬ್ರೆಟಾಸ್, ಮರ್ಟನ್ ಪಾರ್ಕಾಸ್ ಹೀಗೆ ಸಾಲುಗಟ್ಟಿ ಬ್ಯಾಂಡುಗಳು ಬಂದವು. ಒಂದೆರಡು ಒಳ್ಳೆಯ ಹಾಡುಗಳಿವೆ. ಹೆಚ್ಚಿನವು ವೇಷ ಕಳಚಿದರೆ ಏನೂ ಉಳಿಯದಂಥವು.

ಜಾಮ್ ಮಾತ್ರ ಮುಂದಕ್ಕೆ ಹೋಯಿತು, ಹಿಂದಕ್ಕೆ ನಡೆಯುತ್ತಾ. ಹೂ, ಕಿಂಕ್ಸ್, ಬೀಟಲ್ಸ್ ಎಲ್ಲ ದಾಟಿ, ಅವರೇ ಕೇಳಿ ಬೆಳೆದಿದ್ದ ಕಪ್ಪು ಅಮೆರಿಕದ ಸಂಗೀತದ ಬಾಗಿಲಿಗೆ ಬಂದು ನಿಂತಿತು. ಅರವತ್ತರ ದಶಕದ ಮಾಡ್‌ಗಳು ರಾತ್ರಿಯಿಡೀ ಕುಣಿಯುತ್ತಿದ್ದದ್ದು ಆ ಹಾಡುಗಳಿಗೇ ತಾನೆ? 1982ರ ‘ಟೌನ್ ಕಾಲ್ಡ್ ಮ್ಯಾಲಿಸ್’ ಹಾಡಿನ ಕುಣಿಯುವ ಬೇಸ್ ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಗುರುತು ಹೊತ್ತಿದೆ, ಆದರೆ ಪದಗಳಲ್ಲಿರುವುದು ಕೆಲಸ ಕಳೆದುಕೊಂಡ ಇಂಗ್ಲಿಷ್ ಊರಿನ ಬಡತನ. ಅದೂ ಮೊದಲ ಸ್ಥಾನಕ್ಕೇರಿತು. ಅದೇ ವರ್ಷ, ಬ್ಯಾಂಡ್ ತುತ್ತತುದಿಯಲ್ಲಿದ್ದಾಗ, 24ರ ವೆಲ್ಲರ್ ಸಾಕೆಂದ. ಕೊನೆಯ ಕಛೇರಿ ಡಿಸೆಂಬರ್ 11ರಂದು ಬ್ರೈಟನ್‌ನಲ್ಲಿ, ಅಂದರೆ 1964ರಲ್ಲಿ ಮಾಡ್‌ಗಳೂ ಅವರ ಎದುರಾಳಿಗಳಾದ, ಮೋಟಾರ್‌ಬೈಕಿನ ರಾಕರ್‌ಗಳೂ ಕಡಲ ದಂಡೆಯಲ್ಲಿ ಬಡಿದಾಡಿಕೊಂಡ ಊರಿನಲ್ಲೇ.

ನೀವು ಹೊಸದಾಗಿ ಕೇಳುವುದಾದರೆ ಮೊದಲು ಮೋಟೌನ್ ಕಂಪನಿಯ ಗಾಯಕಿಯರ ತಂಡ ಸುಪ್ರೀಮ್ಸ್‌ನವರ ‘ಯೂ ಕಾಂಟ್ ಹರಿ ಲವ್’ ಹಾಕಿ, ಹಿಂದೆಯೇ ‘ಟೌನ್ ಕಾಲ್ಡ್ ಮ್ಯಾಲಿಸ್’ ಹಾಕಿ. ಬೇಸ್ ಕೇಳಬೇಕಾದ್ದರಿಂದ ಮೊಬೈಲಿನ ಸ್ಪೀಕರ್ ಬೇಡ, ಇಯರ್‌ಫೋನ್ ಇರಲಿ.